ರಾಣಿ ಯಾರ ಕೈಯಲ್ಲಿದ್ದಾಳೆ?

ಬ್ರಿಡ್ಜ್ ಆಟವನ್ನು ಕೇವಲ ಕಾಲಹರಣದ ಸಾಧನವೆಂದು ಬಗೆಯುವವರುಂಟು. ಆದರೆ ಫ್ರಾನ್ಸಿನ ಗಣಿತಜ್ಞ ಎಮೀಲ್ ಬೊರೆಲ್ ಅವರು ಆಂದ್ರೆ ಶೆರೋನ್ ಅವರೊಡಗೂಡಿ 1940ರಲ್ಲಿ ಈ ಆಟದ ಗಣಿತವನ್ನು ಕುರಿತು ಒಂದು ಗ್ರಂಥವನ್ನೇ ರಚಿಸಿದರು. ಆ ಗಣಿತದ ಸ್ವಾರಸ್ಯವನ್ನು ಒಂದು ಉದಾಹರಣೆಯಿಂದ ಅರಿಯೋಣ.

ಎದುರುಬದುರು ಕುಳಿತ ಇಬ್ಬರದು ಒಂದು ಪಕ್ಷ; ಉಳಿದಿಬ್ಬರದು ಇನ್ನೊಂದು. ಒಬ್ಬೊಬ್ಬರಿಗೂ 13 ಎಲೆಗಳು. ಮೊದಲು ಹರಾಜು ನಡೆದು, 13 ಸುತ್ತುಗಳಲ್ಲಿ ಎಷ್ಟನ್ನು ಗೆಲ್ಲುವೆವೆಂದು ಒಂದು ಪಕ್ಷವು ಮಾತು ಕೊಡುತ್ತದೆ. ಆ ಪಕ್ಷದ ಒಬ್ಬನೇ ಎರಡು ಕೈಗಳನ್ನೂ ಆಡುತ್ತಾನೆ, ಅವನೇ ಡಿಕ್ಲೇರರ್. ಜೊತೆಗಾರನ ಎಲೆಗಳು ಮೇಜಿನ ಮೇಲೆ ತೆರೆದಿರುತ್ತವೆ. ಅದಕ್ಕೆ ಡಮ್ಮಿಯೆಂದು ಹೆಸರು.

ನೀವು ಇಸ್ಪೀಟನ್ನು ತುರುಫು ಮಾಡಿ 12 ಸುತ್ತುಗಳ ಮಾತು ಕೊಟ್ಟಿರುವಿರೆನ್ನಿ. ಬೇರೆ ಎಲೆಗಳಲ್ಲಿ ಒಂದು ಸುತ್ತು ಕಳೆಯುವುದು ನಿಶ್ಚಿತ. ಆದುದರಿಂದ ಇಸ್ಪೀಟಿನಲ್ಲಿ ಒಂದನ್ನೂ ಬಿಟ್ಟುಕೊಡುವಂತಿಲ್ಲ. ನಿಮ್ಮ ಕೈಯಲ್ಲಿ ಇಸ್ಪೀಟಿನ ರಾಜ, 10, 9 ಮತ್ತು ಎರಡು ಸಣ್ಣ ಎಲೆಗಳು. ಡಮ್ಮಿಯಲ್ಲಿ ಎಕ್ಕ, ಗುಲಾಮ ಮತ್ತು ಎರಡು ಸಣ್ಣ ಎಲೆಗಳು. ಎದುರಾಳಿಗಳಲ್ಲಿ ರಾಣಿಯೂ ಸೇರಿ ನಾಲ್ಕು. ರಾಜನನ್ನು ಆಡಿದಿರಿ, ಇಬ್ಬರೂ ಸಣ್ಣ ಇಸ್ಪೀಟು ಹಾಕಿದರು. ಮತ್ತೆ ಸಣ್ಣದೊಂದನ್ನು ಆಡಿದಿರಿ. ಎಡಗಡೆಯವನು ಸಣ್ಣದನ್ನೇ ಹಾಕಿದನು. ಈಗ ಉಳಿದಿರುವುದು ರಾಣಿಯೊಬ್ಬಳೇ. ಅವಳು ಎಡಗಡೆಯಲ್ಲಿದ್ದರೆ ಡಮ್ಮಿಯಿಂದ ಗುಲಾಮನನ್ನು ಹಾಕಿದರೆ ಗೆಲವು. ಬಲಗಡೆಯಲ್ಲಿದ್ದರೆ ಎಕ್ಕವನ್ನು ಹಾಕಿ ಅವಳನ್ನು ಬೀಳಿಸಬೇಕು.

ಎರಡೂ ಸಮಸಂಭವವೆಂದು ತೋರಬಹುದು. ಆದರೆ ಎಡಗಡೆಯವನ ಎರಡು ಇಸ್ಪೀಟುಗಳು ಕಂಡಿವೆ. ಅವನಲ್ಲಿ 11 ಸ್ಥಾನಗಳು ಅಜ್ಞಾತ. ಬಲಗಡೆಯವನದು ಒಂದೇ ಕಂಡಿದೆ. ಅಲ್ಲಿ 12 ಸ್ಥಾನಗಳು ಅಜ್ಞಾತ. ಬೇರೇನೂ ತಿಳಿಯದಿರುವಾಗ ರಾಣಿಯು ಈ 23 ಸ್ಥಾನಗಳಲ್ಲಿ ಎಲ್ಲಿಯಾದರೂ ಇರಬಹುದು. ಬಲಗಡೆಯಲ್ಲಿರುವ ಸಂಭಾವ್ಯತೆ 12/23, ಅಂದರೆ ಸುಮಾರು ಶೇಕಡ 52. ಎಕ್ಕವೇ ಲೇಸು.

ಇನ್ನು ಹರಾಜನ್ನು ನೆನೆಯಿರಿ. ಬಲಗಡೆಯವನು ಮೊದಲಿಗೇ ‘ಮೂರು ಆಟೀನು’ ಎಂದು ಕೂಗಿದ್ದನೆಂದು ಭಾವಿಸೋಣ. ಅಂಥ ಕೂಗು ರೂಢಿಯಂತೆ ಏಳು ಆಟೀನೆಲೆಗಳನ್ನು ಸೂಚಿಸುತ್ತದೆ. ನಿಮ್ಮ ಎರಡು ಕೈಗಳಲ್ಲಿ ಐದು ಆಟೀನುಗಳಿದ್ದರೆ ಎಡಗಡೆಯವನಿಗೆ ಉಳಿಯುವುದು ಒಂದೇ. ಈಗ ಬಲಗಡೆಯ ಅಜ್ಞಾತ ಸ್ಥಾನಗಳು 12 ಅಲ್ಲ, 5. ಎಡಗಡೆಯವು 11 ಅಲ್ಲ, 10. ರಾಣಿ ಎಡಗಡೆಯಲ್ಲಿರುವ ಸಂಭಾವ್ಯತೆ 10/15, ಅಂದರೆ ಮೂರರಲ್ಲಿ ಎರಡು ಪಾಲು. ಗುಲಾಮನನ್ನೇ ಹಾಕಬೇಕು!

ಎಲೆಗಳು ಇದ್ದಲ್ಲಿಯೇ ಇವೆ. ಬದಲಾದುದು ನಮ್ಮ ಅರಿವು ಮಾತ್ರ. ಸಂಭಾವ್ಯತೆಯು ನಮಗೆ ತಿಳಿದುದರ ಅಳತೆಯೆಂಬ ತತ್ತ್ವಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದುರ್ಲಭ. ಆ ಕೂಗು ಏಳಕ್ಕೆ ಬದಲಾಗಿ ಆರೇ ಆಟೀನುಗಳನ್ನು ಸೂಚಿಸಿದ್ದರೆ ಯಾವ ಎಲೆ ಲೇಸು? ವಾಚಕರೇ ಲೆಕ್ಕ ಹಾಕಿ ನೋಡಲಿ.