ಬುಲೆಟ್ಟಿಗೆ ಐದನೇ ಗೇರ್: ಚೈನ್‌ಕೇಸ್ ಮುಚ್ಚುವ ಮೊದಲು ಹಲ್ಲು ಎಣಿಸಿ

ಹಳೆಯ ಬುಲೆಟ್ 350ಕ್ಕೆ ಐದು ಗೇರಿನ ಪೆಟ್ಟಿಗೆ ಹಾಕಿಸಿಕೊಂಡವರ ದೂರು ಹೆಚ್ಚುಕಡಿಮೆ ಒಂದೇ: ‘ಇಷ್ಟೆಲ್ಲ ದುಡ್ಡು ಸುರಿದೆ, ಸ್ಪೀಡು ಮಾತ್ರ ಹೆಚ್ಚಲಿಲ್ಲ.’ ಹೆಚ್ಚುವುದೂ ಇಲ್ಲ. ಹಳೆಯ ನಾಲ್ಕನೇ ಗೇರ್ 1:1, ಹೊಸ ಐದನೆಯದೂ 1:1. ಟಾಪ್ ಗೇರ್ ಇದ್ದಲ್ಲೇ ಇದೆ. ನಡುವೆ ಇನ್ನೊಂದು ಮೆಟ್ಟಿಲು ಸೇರಿದೆ, ಅಷ್ಟೆ.

ಆ ಮೆಟ್ಟಿಲಿನ ಬೆಲೆ ತಿಳಿಯುವುದು ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಹತ್ತುವಾಗ. ಹಳೆಯ ಪೆಟ್ಟಿಗೆಯ ಮೂರನೇ ಗೇರ್ 1.36. 4000 ಆರ್‌ಪಿಎಂನಲ್ಲಿ ಅಲ್ಲಿಂದ ಟಾಪ್‌ಗೆ ಹಾಕಿದರೆ ಎಂಜಿನ್ 2900ರ ಆಸುಪಾಸಿಗೆ ಬಿದ್ದು ಮುಕ್ಕರಿಯುತ್ತದೆ. ಐದು ಗೇರಿನದರಲ್ಲಿ ನಾಲ್ಕನೆಯದು 1.21, ಟಾಪ್‌ಗೆ ಹಾಕಿದರೂ 3300 ಉಳಿಯುತ್ತದೆ. ಘಾಟಿ ರಸ್ತೆ, ಹಿಂದೆ ಒಬ್ಬರು, ಜೊತೆಗೆ ಲಗೇಜು: ಇದು ನಿಮ್ಮ ಓಡಾಟವಾದರೆ ಖರ್ಚು ಮಾಡಿ. ಊರೊಳಗೆ ಓಡಿಸುವವರಿಗೆ ಹಳೆಯದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಯಾವ ಗಾಡಿಗೆ ಆಗುತ್ತದೆ? ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ ಇರುವ ಹಳೆಯ ಎರಕದ ಕಬ್ಬಿಣದ ಸಿಲಿಂಡರಿನ ಗಾಡಿಗಳಿಗೆ. 2009ರಲ್ಲಿ ಬಂದ ಕ್ಲಾಸಿಕ್‌ನಂಥವುಗಳಲ್ಲಿ ಎರಡೂ ಒಂದೇ ಕವಚದೊಳಗಿವೆ. ‘ನನ್ನ ಕ್ಲಾಸಿಕ್‌ಗೆ ಆರನೇ ಗೇರ್ ಹಾಕಬಹುದೇ’ ಎನ್ನುವವರು ಆ ಆಸೆ ಬಿಡುವುದೇ ಒಳ್ಳೆಯದು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಶಿವಾಜಿನಗರದ ಗುಜರಿಯಲ್ಲಾಗಲಿ ಬರೀ ಪೆಟ್ಟಿಗೆ ಕೊಳ್ಳಬೇಡಿ. ಎಲೆಕ್ಟ್ರಾ 5ಎಸ್‌ನಂಥ ಒಂದೇ ಗಾಡಿಯಿಂದ ಇಳಿದ ಪೂರ್ತಿ ಸೆಟ್ ಬೇಕು: ಗೇರ್‌ಬಾಕ್ಸ್, ಕ್ಲಚ್, ಪುಶ್ ರಾಡ್, ಒಳಗಿನ ಚೈನ್‌ಕೇಸ್, ಗೇರ್ ಲಿವರ್, ಫುಟ್‌ರೆಸ್ಟ್, ಬ್ರೇಕ್ ಪೆಡಲ್ ಮತ್ತು ಪೆಡಲನ್ನು ಎಡಗಡೆಯ ಡ್ರಮ್ಮಿಗೆ ಜೋಡಿಸುವ ಅಡ್ಡ ಶಾಫ್ಟ್. ಈ ಕೊನೆಯದನ್ನು ಮರೆತವರ ಗಾಡಿ ಬ್ರೇಕಿಲ್ಲದೆ ಗ್ಯಾರೇಜಿನಲ್ಲೇ ಕೂತಿರುತ್ತದೆ. ಅಂಗಡಿಯಲ್ಲೇ ಪಕ್ಕದ ಮುಚ್ಚಳ ತೆಗೆಸಿ, ಗೇರ್‌ಗಳ ಪಕ್ಕದಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಹಲ್ಲುಗಳ (ಡಾಗ್) ಅಂಚು ದುಂಡಗಾಗಿದೆಯೇ ನೋಡಿ. ದುಂಡಗಾಗಿದ್ದರೆ ಗೇರ್ ಜಾರುತ್ತದೆ, ಬೇಡ.

ಬಿಚ್ಚುವುದು ದೊಡ್ಡ ವಿದ್ಯೆಯಲ್ಲ. ಎಡಗಡೆಯ ಚೈನ್‌ಕೇಸ್ ಒಂದೇ ನಟ್ಟಿನಲ್ಲಿ ನಿಂತಿದೆ. ಸ್ಟೇಟರ್, ರೋಟರ್ ತೆಗೆದು, ಎಂಜಿನ್ ಸ್ಪ್ರಾಕೆಟ್ ಮತ್ತು ಕ್ಲಚ್ ಡ್ರಮ್ಮನ್ನು ಚೈನಿನ ಸಮೇತ ಒಟ್ಟಿಗೇ ಎಳೆಯಬೇಕು. ಪುಲ್ಲರ್ ಬಳಸಿ, ಸುತ್ತಿಗೆ ಬೇಡ. ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು, ಹಿಂದಿನ ಪ್ಲೇಟುಗಳನ್ನು ಬಿಚ್ಚಿ, ಎಂಜಿನ್ನಿಗೆ ಹಿಡಿದಿರುವ ನಟ್ಟುಗಳನ್ನು ಸಡಿಲಿಸಿದರೆ ಪೆಟ್ಟಿಗೆ ಹೊರಗೆ ಬರುತ್ತದೆ.

ಇಲ್ಲಿ ನಿಲ್ಲಿ. ಹೊಸ ಪೆಟ್ಟಿಗೆ ಕೂರಿಸುವ ಮೊದಲು ಅದರ ಎಫ್‌ಡಿ ಸ್ಪ್ರಾಕೆಟ್ ನೋಡಿ, ಅಂದರೆ ಹಿಂದಿನ ಚಕ್ರಕ್ಕೆ ಚೈನ್ ಹೋಗುವ ಚಿಕ್ಕ ಸ್ಪ್ರಾಕೆಟ್. ಹಲ್ಲು ಎಣಿಸಿ. ಬಹುತೇಕರು ತಪ್ಪುವುದು ಇಲ್ಲೇ. ಎಲ್ಲ ಜೋಡಿಸಿ, ಎಣ್ಣೆ ಹಾಕಿ, ಒಂದು ಸುತ್ತು ಹೋಗಿ ಬಂದು ‘ಸ್ಪೀಡೇ ಇಲ್ಲ’ ಎನ್ನುತ್ತಾರೆ. ಆಗ ಮೇಸ್ತ್ರಿ ‘ಸ್ಪ್ರಾಕೆಟ್ ಬದಲಿಸೋಣ’ ಎನ್ನುತ್ತಾನೆ. ಆದರೆ ಬುಲೆಟ್ಟಿನಲ್ಲಿ ಅದು ಕ್ಲಚ್ಚಿನ ಹಿಂದಿದೆ. ಚೈನ್‌ಕೇಸ್, ಕ್ಲಚ್, ಸ್ಟೇಟರ್ ಎಲ್ಲವನ್ನೂ ಮತ್ತೆ ಬಿಚ್ಚಬೇಕು, ಕೂಲಿಯನ್ನೂ ಮತ್ತೆ ಕೊಡಬೇಕು.

350ರಲ್ಲಿ ಸಾಮಾನ್ಯವಾಗಿ 16 ಹಲ್ಲು. 17 ಹಾಕಿದರೆ ಅದೇ ವೇಗಕ್ಕೆ ಎಂಜಿನ್ ಶೇಕಡ 6ರಷ್ಟು ನಿಧಾನ ತಿರುಗುತ್ತದೆ; 4000ದಲ್ಲಿ ಕಿರುಚುತ್ತಿದ್ದದ್ದು 3765ಕ್ಕೆ ಇಳಿಯುತ್ತದೆ. ಮೊದಲ ಗೇರ್ ಭಾರವಾಗುವುದಿಲ್ಲವೇ ಎಂದು ಕೇಳಬಹುದು. ಇಲ್ಲ. ಹಳೆಯ ಪೆಟ್ಟಿಗೆಯ ಮೊದಲ ಗೇರ್ 2.78, ಹೊಸದರದ್ದು 3.06. 17 ಹಲ್ಲಿನ ಲೆಕ್ಕ ಸೇರಿಸಿದರೂ 2.88ರಷ್ಟು ಉಳಿಯುತ್ತದೆ, ಹಳೆಯದಕ್ಕಿಂತ ಹಗುರವೇ. ಐದು ಗೇರಿನಿಂದ ಸಿಗುವ ನಿಜವಾದ ಲಾಭ ಇದು: ಮೇಲೆ ಹೆದ್ದಾರಿಗೆ ನಿರಾಳ, ಕೆಳಗೆ ಏರಿಗೆ ಬಲ. 18 ಹಲ್ಲಿನ ಆಸೆ ಮಾತ್ರ ಬೇಡ. 18 ಅಶ್ವಶಕ್ತಿಯ ಎಂಜಿನ್ ಎದುರುಗಾಳಿಯಲ್ಲಿ ಇಬ್ಬರನ್ನು ಹೊತ್ತು ಅದನ್ನು ಎಳೆಯಲಾರದು. ಐದನೇ ಗೇರ್ ಬರೀ ಅಲಂಕಾರಕ್ಕೆ ಉಳಿಯುತ್ತದೆ, ಓಡಿಸುವುದೆಲ್ಲ ನಾಲ್ಕರಲ್ಲೇ. ಹೊಸ ಸ್ಪ್ರಾಕೆಟ್ಟಿಗೆ ಸವೆದ ಚೈನ್ ಹಾಕಬೇಡಿ. ನಟ್ ಬಿಗಿದ ಮೇಲೆ ಲಾಕ್ ವಾಷರ್ ಮಡಿಸಿದ್ದಾರೆಯೇ, ನೀವೇ ಬಗ್ಗಿ ನೋಡಿ.

ಜೋಡಿಸುವಾಗ ಪ್ರೈಮರಿ ಚೈನ್ ಎರಡು ಸ್ಪ್ರಾಕೆಟ್ಟುಗಳ ನಡುವೆ ನೇರವಾಗಿರಲಿ, ರೋಟರ್ ಸುತ್ತ ಸ್ಟೇಟರ್ ಎಲ್ಲೂ ತಾಗದಿರಲಿ. ಎಣ್ಣೆಯ ವಿಷಯ: ಹಳೆಯ ನಾಲ್ಕು ಗೇರಿನ (ಆಲ್ಬಿಯನ್) ಪೆಟ್ಟಿಗೆಗೆ ಗ್ರೀಸ್ ತುಂಬಿ ಅಭ್ಯಾಸವಾದವರು ಇದಕ್ಕೂ ಅದನ್ನೇ ಒತ್ತುತ್ತಾರೆ. ಬಿಡಬೇಡಿ. ಐದು ಗೇರಿನದಕ್ಕೆ ಇಪಿ 90 ಗೇರ್ ಎಣ್ಣೆಯೇ ಬೇಕು.

ಇನ್ನು ಕಾಲಿನ ಮಾತು. ಮೊದಲು ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್; ಒಂದು ಮೇಲೆ, ಮೂರು ಕೆಳಗೆ. ಈಗ ಗೇರ್ ಎಡಕ್ಕೆ ಬಂತು. ಒಂದು ಕೆಳಗೆ, ನಾಲ್ಕು ಮೇಲೆ. ಹಿಮ್ಮಡಿಯಲ್ಲಿ ಒತ್ತುತ್ತಿದ್ದ ನ್ಯೂಟ್ರಲ್ ಫೈಂಡರ್ ಕೂಡ ಇಲ್ಲ. ಎಮ್ಮೆ ಅಡ್ಡ ಬಂದಾಗ ಹಳೆಯ ಕಾಲು ಎಡಕ್ಕೇ ಒತ್ತುತ್ತದೆ, ಬ್ರೇಕ್ ಬದಲು ಗೇರ್ ಬೀಳುತ್ತದೆ. ಕಾಲು ಪಳಗುವ ತನಕ ಖಾಲಿ ಮೈದಾನದಲ್ಲಿ ಓಡಿಸಿ. ಮನೆಯವರಿಗೆ ಗಾಡಿ ಕೊಡುವ ಮುನ್ನ ಹೇಳಿ ಕೊಡಿ.

ಕಾನೂನು: ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಟ್ಟುನಿಟ್ಟಾಗಿದೆ. ಎಂಜಿನ್, ಚಾಸಿ ನಂಬರಿನ ಹತ್ತಿರ ಕೈ ಹಾಕಬೇಡಿ. ಕೆಲಸಕ್ಕೆ ಮುನ್ನವೇ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆಯವರಿಗೆ ಬರೆದು ತಿಳಿಸಿ. ಪೆಟ್ಟಿಗೆಯ ಬಿಲ್ ಇಟ್ಟುಕೊಳ್ಳಿ. ಇಳಿಸಿದ ನಾಲ್ಕು ಗೇರಿನ ಪೆಟ್ಟಿಗೆಯನ್ನು ಮೇಸ್ತ್ರಿಗೆ ಬಿಟ್ಟು ಬರಬೇಡಿ. ಗಾಡಿ ಮಾರುವ ದಿನ ಒರಿಜಿನಲ್ ಬೇಕೆನ್ನುವ ಗಿರಾಕಿಯೇ ಹೆಚ್ಚು ಬೆಲೆ ಕೊಡುತ್ತಾನೆ.