ಅಂತರ್ಜಲ ರಕ್ಷಣೆಯಲ್ಲಿ ಹೈನುಗಾರರ ಪಾತ್ರ



ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇದೆ. ಹಾಲು ಕರೆಯುವ ಮಿಶ್ರತಳಿ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ಕುಡಿಯುವ ನೀರು ಬೇಕು. ನೀರು ಸಾಲದಿದ್ದರೆ ಹಸು ಮೇವು ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ. ಆದ್ದರಿಂದ ಅಂತರ್ಜಲದ ವಿಚಾರ ಕೊಟ್ಟಿಗೆಯ ವಿಚಾರವೂ ಹೌದು.

ನಮ್ಮ ಸೀಮೆಯ ನೆಲ

ಸಂಡೂರು: ಗುಡ್ಡದ ಮೇಲಿನ ಅದಿರುಗಲ್ಲು ಬಿರುಕು, ರಂಧ್ರಗಳಿಂದ ಕೂಡಿದ್ದು ಮಳೆ ನೀರನ್ನು ಹೀರುತ್ತದೆ. ಆ ನೀರು ಕೆಳಗಿನ ಗಟ್ಟಿ ಪದರ ತಾಗಿದಲ್ಲಿ ಒರತೆಯಾಗಿ ಹೊರಬರುತ್ತದೆ. ಗಣಿಗಾರಿಕೆಯಿಂದ ಈ ನೆತ್ತಿಯೇ ಸವೆದಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನು ತಡೆದು, ನಂತರ ಪುನಶ್ಚೇತನದ ಷರತ್ತು ವಿಧಿಸಿದ್ದು ತಮಗೆ ತಿಳಿದಿದೆ.

ಹೊಸಪೇಟೆ-ಹಂಪಿ: ಇಲ್ಲಿಯದು ಗ್ರಾನೈಟ್ ಬಂಡೆ. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಸೀಳುಗಳಲ್ಲಿ ಮಾತ್ರ. ಆಳಕ್ಕೆ ಕೊರೆದಷ್ಟೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ದನಗಳ ಹಲ್ಲು ಸವೆದು, ಕೀಲು ಬಿಗಿದು ಕುಂಟುತ್ತವೆ.

ಕಂಪ್ಲಿ: ಕಾಲುವೆ ನೀರಿದೆ. ಆದರೆ ಅದನ್ನೊಂದೇ ನಂಬುವಂತಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ, ತುಂಬಿದ ನೀರನ್ನು ನದಿಗೆ ಬಿಡಬೇಕಾಯಿತು.

ನಮ್ಮ ದನಗಳ ಪಾಲು

ಗಣಿಯ ಹಾನಿ ದೊಡ್ಡದು, ನಿಜ. ಆದರೆ ನಮ್ಮ ತಪ್ಪೂ ಇದೆ. ಮೊದಲ ಮಳೆ ಬಿದ್ದೊಡನೆ ದನ, ಕುರಿ, ಮೇಕೆಗಳನ್ನು ಗುಡ್ಡಕ್ಕೆ ಅಟ್ಟುತ್ತೇವೆ. ಚಿಗುರು ಹುಲ್ಲು ಬೇರು ಸಮೇತ ಹೋಗುತ್ತದೆ, ಗೊರಸಿನ ತುಳಿತಕ್ಕೆ ನೆಲ ಗಟ್ಟಿಯಾಗುತ್ತದೆ, ನೀರು ಇಂಗದೆ ಮಣ್ಣು ಹೊತ್ತು ಹಳ್ಳಕ್ಕೆ ಓಡುತ್ತದೆ. ಆ ಮಣ್ಣೇ ಮುಂದೆ ಕೆರೆಯಲ್ಲಿ ಹೂಳಾಗುತ್ತದೆ.

ಮಾಡಬೇಕಾದ ಕೆಲಸಗಳು

1. ಕೆಲಸವನ್ನು ಗುಡ್ಡದ ಮೇಲಿನಿಂದ ಆರಂಭಿಸಿರಿ. ಇಳಿಜಾರಿಗೆ ಅಡ್ಡಲಾಗಿ ಕಂದಕ, ಕೆಳಗೆ ಹೊಲಗಳಲ್ಲಿ ಬದು, ಹಳ್ಳದಲ್ಲಿ ಕಲ್ಲಿನ ತಡೆ, ಕೊನೆಗೆ ಕೆರೆಯ ಹೂಳು ಎತ್ತುವುದು. ಉದ್ಯೋಗ ಖಾತ್ರಿ ಕೆಲಸದಡಿ ಇವನ್ನು ಮಾಡಿಸಲು ಗ್ರಾಮಸಭೆಯಲ್ಲಿ ಕೇಳಿರಿ.

2. ಗೋಮಾಳವನ್ನು ಭಾಗ ಮಾಡಿ, ಒಂದೊಂದು ಭಾಗವನ್ನು ಸರದಿಯಂತೆ ಮೇಯಿಸದೆ ಬಿಡಿರಿ. ಅಲ್ಲಿ ಬೆಳೆದ ಹುಲ್ಲನ್ನು ಕೊಯ್ದು ತಂದು ಹಾಕಿರಿ. ಬದುಗಳ ಮೇಲೆ ಸ್ಟೈಲೋ ಬಿತ್ತಿರಿ.

3. ಆ ಅವಧಿಯ ಮೇವಿಗೆ ಕಂಪ್ಲಿ ಭಾಗದ ಭತ್ತದ ಹುಲ್ಲನ್ನು ಸಂಘದ ಮೂಲಕ ಒಟ್ಟಾಗಿ ಕೊಳ್ಳಿರಿ. ಕಂಪ್ಲಿಯ ಸದಸ್ಯರು ಹುಲ್ಲನ್ನು ಗದ್ದೆಯಲ್ಲಿ ಸುಡಬಾರದು.

4. ಒರತೆಯ ಬಾಯಿಯನ್ನು ಅಗೆದು ದೊಡ್ಡದು ಮಾಡಬೇಡಿರಿ. ಅದಕ್ಕೆ ನೀರು ಬರುವುದು ಮೇಲಿನ ಗುಡ್ಡದಿಂದ. ದನಗಳನ್ನು ಒರತೆಗೆ ಇಳಿಸದೆ, ನೀರನ್ನು ಕೊಳವೆಯಿಂದ ಕೆಳಗಿನ ತೊಟ್ಟಿಗೆ ತಂದು ಕುಡಿಸಿರಿ.

5. ಕೊಳವೆಬಾವಿಯ ಇಂಗುಗುಂಡಿಗೆ ಹೂಳು ತಿಳಿಯಾದ ಮಳೆ ನೀರು ಮಾತ್ರ ಹೋಗಲಿ. ಕೊಟ್ಟಿಗೆ ತೊಳೆದ ನೀರು, ತಿಪ್ಪೆಯ ರಸ ಸೇರಿದರೆ ಅಂತರ್ಜಲ ಕೆಡುತ್ತದೆ. ಅದನ್ನೇ ಮನೆಯವರೂ ಕುಡಿಯುತ್ತಾರೆ.

ಒಂದು ಲೆಕ್ಕ

ಒಂದು ಎಕರೆ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಅದರ ಕಾಲು ಭಾಗ ಇಂಗಿದರೂ ಒಂದು ಹಸು ವರ್ಷವಿಡೀ ಕುಡಿಯುವ ನೀರಿಗೆ ಸಮ. ಹೊಸ ಕೊಳವೆಬಾವಿಗೆ ಸಾಲ ಮಾಡುವ ಮುನ್ನ ಈ ಲೆಕ್ಕ ಹಾಕಿ ನೋಡಿರಿ. ಮುಂಗಾರಿಗೆ ಮೊದಲು ನಡೆಯುವ ಸಂಘದ ಸಭೆಯಲ್ಲಿ, ಯಾವ ಭಾಗದಲ್ಲಿ ಮೇಯಿಸುವುದಿಲ್ಲ ಎಂಬುದನ್ನು ಎಲ್ಲರೂ ಕೂಡಿ ತೀರ್ಮಾನಿಸಿರಿ. ಒಬ್ಬರು ದನ ಕಟ್ಟಿ ಇನ್ನೊಬ್ಬರು ಬಿಟ್ಟರೆ ಪ್ರಯೋಜನವಿಲ್ಲ.