ಅಂಡಮಾನ್‌ನಲ್ಲಿ ವಾಸ: ಬಾಡಿಗೆಯ ಲೆಕ್ಕ, ದಾರಿಯ ಲೆಕ್ಕ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕೇಂದ್ರ ಸರ್ಕಾರದ ಇಲಾಖೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಸಾರ್ವಜನಿಕ ಉದ್ಯಮಗಳಲ್ಲಿಯೂ ದುಡಿಯುವವರು ಅನೇಕರಿದ್ದಾರೆ. ಇಂಥವರಿಗೆ ಒಂದಲ್ಲ ಒಂದು ದಿನ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ವರ್ಗಾವಣೆಯ ಆದೇಶ ಬರಬಹುದು. ಆದೇಶ ಕೈಗೆ ಬಂದೊಡನೆ ಮನೆಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ, "ಅಲ್ಲಿ ಮನೆ ಬಾಡಿಗೆ ಎಷ್ಟು?" ಎಂಬುದು. ಪ್ರಶ್ನೆ ಸಹಜವೇ, ಆದರೆ ಅದು ಅರ್ಧ ಪ್ರಶ್ನೆ ಮಾತ್ರ. ಮನೆಯಿಂದ ಕಚೇರಿಗೆ, ಶಾಲೆಗೆ, ಆಸ್ಪತ್ರೆಗೆ ದಿನವೂ ಹೋಗಿಬರಲು ತಗಲುವ ಹಣ ಮತ್ತು ಸಮಯಗಳನ್ನು ಬಾಡಿಗೆಯೊಡನೆ ಕೂಡಿಸಿದಾಗ ಮಾತ್ರ ಮನೆಯ ನಿಜವಾದ ಬೆಲೆ ತಿಳಿಯುತ್ತದೆ. ಈ ಮಾತು ಎಲ್ಲ ಊರುಗಳಿಗೂ ಸಲ್ಲುವುದಾದರೂ ದ್ವೀಪದಲ್ಲಿ ಅದರ ತೂಕ ಹೆಚ್ಚು. ಅದು ಹೇಗೆಂಬುದನ್ನು ಈ ಪಾಠದಲ್ಲಿ ಪರಿಶೀಲಿಸೋಣ.

ನೆಲದ ಸ್ವರೂಪ

ಬಂಗಾಳ ಕೊಲ್ಲಿಯಲ್ಲಿ ಉತ್ತರ ದಕ್ಷಿಣವಾಗಿ ಚಾಚಿಕೊಂಡಿರುವ ಈ ದ್ವೀಪಸಮೂಹದ ಒಟ್ಟು ವಿಸ್ತೀರ್ಣ 8,249 ಚದರ ಕಿಲೋಮೀಟರ್. ಇದರಲ್ಲಿ ಹತ್ತನೇ ಎಂಟು ಭಾಗಕ್ಕೂ ಹೆಚ್ಚಿನ ನೆಲ ಅರಣ್ಯಕ್ಕೆ ಸೇರಿದೆ. ಆದಿವಾಸಿಗಳಿಗಾಗಿ ಕಾಯ್ದಿರಿಸಿದ ಪ್ರದೇಶಗಳಿಗೆ 1956ರ ನಿಯಮಾವಳಿಯ ರಕ್ಷಣೆಯಿದ್ದು, ಅಲ್ಲಿ ಹೊರಗಿನವರು ನೆಲೆಸುವಂತಿಲ್ಲ. ಹೀಗಾಗಿ ಜನವಸತಿಗೆ ದೊರೆಯುವ ನೆಲ ತೀರ ಕಡಿಮೆ. 2011ರ ಜನಗಣತಿಯಂತೆ ದ್ವೀಪಗಳ ಜನಸಂಖ್ಯೆ 3,80,581. ಇವರಲ್ಲಿ ಹತ್ತರಲ್ಲಿ ಆರು ಮಂದಿ ದಕ್ಷಿಣ ಅಂಡಮಾನ್ ಜಿಲ್ಲೆಯಲ್ಲಿಯೇ ಇದ್ದರು. ರಾಜಧಾನಿಯಾದ ಪೋರ್ಟ್ ಬ್ಲೇರ್ ಇರುವುದು ಈ ಜಿಲ್ಲೆಯಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಈ ಊರಿಗೆ ಶ್ರೀವಿಜಯಪುರಂ ಎಂದು ಹೊಸ ಹೆಸರಿಡಲಾಯಿತು. ಕಚೇರಿಗಳು, ಬಂದರು, ವಿಮಾನ ನಿಲ್ದಾಣ, ದೊಡ್ಡ ಆಸ್ಪತ್ರೆ, ಕೇಂದ್ರೀಯ ವಿದ್ಯಾಲಯಗಳು ಎಲ್ಲವೂ ಇಲ್ಲಿಯೇ ಸೇರಿಕೊಂಡಿರುವುದರಿಂದ ಬಾಡಿಗೆ ಮನೆಗಳಿಗೆ ಬೇಡಿಕೆಯೂ ಇಲ್ಲಿಯೇ ಹೆಚ್ಚು.

ಇನ್ನೊಂದು ಕಾರಣವೂ ಇದೆ. ಸಮುದ್ರಮಾರ್ಗದಲ್ಲಿ ಚೆನ್ನೈಗೂ ಈ ಊರಿಗೂ ಇರುವ ಅಂತರ ಸುಮಾರು 1,190 ಕಿಲೋಮೀಟರ್. ವಿಮಾನದಲ್ಲಿ ಎರಡು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು, ಹಡಗಿನಲ್ಲಿ ಸುಮಾರು ಮೂರು ದಿನಗಳ ಪ್ರಯಾಣ. ಸಿಮೆಂಟು, ಕಬ್ಬಿಣ, ಅಡುಗೆ ಅನಿಲದ ಸಿಲಿಂಡರು, ಬೇಳೆ, ಈರುಳ್ಳಿ ಇತ್ಯಾದಿಗಳು ಬಹುಮಟ್ಟಿಗೆ ಹಡಗಿನಲ್ಲಿಯೇ ಬರಬೇಕು. ಮನೆ ಕಟ್ಟುವ ವೆಚ್ಚದಲ್ಲಿ ಹಡಗಿನ ಸಾಗಣೆ ಸೇರಿರುವಂತೆ, ಬಾಡಿಗೆಯಲ್ಲಿಯೂ ಅದರ ಪಾಲು ಸೇರಿರುತ್ತದೆ.

ದಾರಿಯೆಂದರೆ ನೀರೂ ಹೌದು

ಈ ದ್ವೀಪಗಳಲ್ಲಿ ರೈಲು ಇಲ್ಲ. ಬಸ್ಸು, ಆಟೋರಿಕ್ಷಾ, ಸ್ವಂತ ವಾಹನ ಮತ್ತು ದೋಣಿಗಳೇ ಸಾಧನಗಳು. ಪಟ್ಟಣದ ಹೃದಯಭಾಗವಾದ ಅಬರ್ಡೀನ್ ಬಜಾರಿನ ಸುತ್ತಮುತ್ತ ಡೆಲಾನಿಪುರ, ಹ್ಯಾಡೊ, ಜಂಗ್ಲಿಘಾಟ್ ಮೊದಲಾದ ಬಡಾವಣೆಗಳಿವೆ. ದಕ್ಷಿಣಕ್ಕೆ ಆರೇಳು ಕಿಲೋಮೀಟರ್ ದೂರದಲ್ಲಿ ಗಾರಾಚರ್ಮಾ ಇದೆ. ಬಂದರಿನ ಆಚೆ ದಡದಲ್ಲಿರುವುದು ಬ್ಯಾಂಬೂಫ್ಲಾಟ್. ಚಾಥಮ್‌ನ ಜೆಟ್ಟಿಯಲ್ಲಿ ನಿಂತರೆ ಆಚೆಯ ಊರು ಕಣ್ಣಿಗೆ ಕಾಣುತ್ತದೆ. ಫೆರ್ರಿ ದೋಣಿಯಲ್ಲಿ ಕೆಲವೇ ನಿಮಿಷಗಳ ದಾರಿ. ಆದರೆ ದೋಣಿ ತಪ್ಪಿದರೆ ಫೆರಾರ್‌ಗಂಜ್ ಕಡೆಯಿಂದ ಹತ್ತಾರು ಕಿಲೋಮೀಟರ್ ಸುತ್ತಿ ಬರಬೇಕಾಗುತ್ತದೆ.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ರಸ್ತೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಹುದು. ನೀರಿನ ದೂರವನ್ನು ವೇಳಾಪಟ್ಟಿಯಲ್ಲಿಯೇ ಅಳೆಯಬೇಕು. ಮೊದಲ ದೋಣಿ ಎಷ್ಟು ಹೊತ್ತಿಗೆ, ಕೊನೆಯ ದೋಣಿ ಎಷ್ಟು ಹೊತ್ತಿಗೆ, ಒಂದು ತಪ್ಪಿದರೆ ಇನ್ನೊಂದಕ್ಕೆ ಎಷ್ಟು ಕಾಯಬೇಕು, ಗಾಳಿಮಳೆಯ ದಿನ ದೋಣಿ ನಿಲ್ಲುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಆಚೆ ದಡದಲ್ಲಿ ಮನೆ ಹಿಡಿಯಬಾರದು. ಶರಾವತಿ ಹಿನ್ನೀರಿನ ಸಿಗಂದೂರು ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಅವರು ತಮ್ಮ ದಿನಚರಿಯನ್ನು ಲಾಂಚಿನ ವೇಳೆಗೆ ಹೊಂದಿಸಿಕೊಂಡೇ ಬಾಳಿದವರು.

ಸೂರ್ಯನ ಗಡಿಯಾರ

ಹೊಸದಾಗಿ ಹೋದವರು ಮೊದಲ ವಾರದಲ್ಲಿಯೇ ಬೆರಗಾಗುವ ಸಂಗತಿ ಸಂಜೆಯದು. ಭಾರತದ ಪ್ರಮಾಣ ವೇಳೆ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಮುಂಬಯಿ ಈ ರೇಖೆಗೆ ಸುಮಾರು ಹತ್ತು ಡಿಗ್ರಿ ಪಶ್ಚಿಮಕ್ಕಿದ್ದರೆ ಶ್ರೀವಿಜಯಪುರಂ ಸುಮಾರು ಹತ್ತು ಡಿಗ್ರಿ ಪೂರ್ವಕ್ಕಿದೆ. ಆದ್ದರಿಂದ ಗಡಿಯಾರ ಒಂದೇ ಆದರೂ ಋತುವಿಗೆ ತಕ್ಕಂತೆ ಒಂದು ಗಂಟೆಯಿಂದ ಒಂದೂವರೆ ಗಂಟೆ ಮೊದಲೇ ಅಲ್ಲಿ ಸೂರ್ಯ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೆ ಸೂರ್ಯಾಸ್ತ. ಜೂನ್ ತಿಂಗಳಿನಲ್ಲಿಯೂ ಆರು ಗಂಟೆಗೆ ಮೊದಲೇ. ಅದಕ್ಕೆ ಪ್ರತಿಯಾಗಿ ಜೂನ್ ತಿಂಗಳಿನಲ್ಲಿ ಬೆಳಗಿನ ಐದಕ್ಕೇ ಬೆಳಕಾಗಿರುತ್ತದೆ.

ಇದರ ಅರ್ಥ ಸ್ಪಷ್ಟ. ಐದೂವರೆಗೆ ಕಚೇರಿಯಿಂದ ಹೊರಟು ಒಂದು ಗಂಟೆ ಪ್ರಯಾಣ ಮಾಡುವವರು ವರ್ಷದ ಬಹುಪಾಲು ಕತ್ತಲಲ್ಲಿಯೇ ಮನೆ ಸೇರುತ್ತಾರೆ. ದಿಬ್ಬ ತಗ್ಗುಗಳ ತಿರುವಿನ ರಸ್ತೆಯಲ್ಲಿ ಮಳೆಯ ನಡುವೆ ದ್ವಿಚಕ್ರ ವಾಹನ ನಡೆಸುವವರು, ಸಂಜೆಯ ಪಾಠಕ್ಕೆ ಹೋಗುವ ಮಕ್ಕಳು, ಒಬ್ಬರೇ ಹಿಂತಿರುಗುವ ಉದ್ಯೋಗಸ್ಥ ಮಹಿಳೆಯರು ಈ ಅಂಶವನ್ನು ಮೊದಲೇ ತೂಗಿ ನೋಡಬೇಕು. ಹಗಲಿನಲ್ಲಿ ಮನೆ ನೋಡಿ ಒಪ್ಪಿಕೊಂಡು, ಆಮೇಲೆ ರಾತ್ರಿಯ ದಾರಿಗೆ ಅಂಜಿ ಮನೆ ಬದಲಾಯಿಸುವುದು ದುಬಾರಿಯ ಪಾಠ.

ಮಳೆ ಮತ್ತು ನೀರು

ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಎಂದರೆ ದಕ್ಷಿಣ ಕನ್ನಡದವರಿಗೆ ಹೊಸದೇನಲ್ಲ. ಆದರೆ ಕರಾವಳಿಯಲ್ಲಿ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಅಂಡಮಾನ್‌ಗೆ ನೈಋತ್ಯ ಮತ್ತು ಈಶಾನ್ಯ ಮಾರುತಗಳೆರಡೂ ಮಳೆ ತರುವುದರಿಂದ ಮೇ ತಿಂಗಳಿನಿಂದ ಡಿಸೆಂಬರ್‌ವರೆಗೆ ಕೊಡೆ ಮಡಿಸಿಡುವಂತಿಲ್ಲ.

ಇಷ್ಟು ಮಳೆಯಾದರೂ ಜನವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಪಟ್ಟಣಕ್ಕೆ ನೀರಿನ ಕೊರತೆ ಬಾಧಿಸುವುದುಂಟು. ದೊಡ್ಡ ನದಿಗಳಿಲ್ಲ, ಬಿದ್ದ ನೀರು ಇಳಿಜಾರಿನಲ್ಲಿ ಬೇಗನೆ ಸಮುದ್ರ ಸೇರುತ್ತದೆ. ಪಟ್ಟಣದ ಮುಖ್ಯ ಆಸರೆ ಧಾನಿಖಾರಿ ಜಲಾಶಯ. ಅದು ತಗ್ಗಿದಾಗ ನಲ್ಲಿಯ ನೀರನ್ನು ದಿನಗಳ ಅಂತರದಲ್ಲಿ ಬಿಡಬೇಕಾಗುತ್ತದೆ. ಆದುದರಿಂದ ಮನೆಯಲ್ಲಿ ಎಷ್ಟು ಲೀಟರಿನ ತೊಟ್ಟಿಯಿದೆ, ಮಳೆನೀರು ಸಂಗ್ರಹವಿದೆಯೇ, ಬಾವಿಯಿದೆಯೇ ಎಂದು ಕೇಳುವುದು ಬಾಡಿಗೆ ಕೇಳುವಷ್ಟೇ ಅಗತ್ಯ.

ಭತ್ಯೆಯ ಲೆಕ್ಕ

ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಗೆ ನಗರಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ. 2024ರ ಜನವರಿ 1ರಿಂದ ಈ ವರ್ಗಗಳಿಗೆ ಮೂಲ ವೇತನದ ಶೇಕಡಾ 30, 20 ಮತ್ತು 10ರ ದರ ಅನ್ವಯಿಸಿತು. ವೇತನ ಪರಿಷ್ಕರಣೆಯೊಡನೆ ದರಗಳು ಬದಲಾಗುತ್ತಿರುತ್ತವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಈ ಐದೂ ಮೊದಲ ವರ್ಗಕ್ಕೆ ಸೇರಿವೆ. ದ್ವೀಪದ ಯಾವ ಊರೂ ಆ ವರ್ಗದಲ್ಲಿಲ್ಲ. 50,000 ರೂಪಾಯಿ ಮೂಲ ವೇತನವುಳ್ಳವರು ಶೇಕಡಾ 30ರಂತೆ 15,000 ರೂಪಾಯಿ ಪಡೆಯುತ್ತಿದ್ದರೆ, ಕೊನೆಯ ವರ್ಗದ ಊರಿನಲ್ಲಿ ಅದು 5,000 ರೂಪಾಯಿಗೆ ಇಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯಂತೆ, ಮೊದಲು ಹಾಸಿಗೆಯ ಉದ್ದವನ್ನು ತಿಳಿಯಬೇಕು.

ದ್ವೀಪದ ಸೇವೆಗೆ ಪ್ರತ್ಯೇಕವಾದ ವಿಶೇಷ ಕರ್ತವ್ಯ ಭತ್ಯೆಯೂ ಉಂಟು. ಪ್ರದೇಶದ ದುರ್ಗಮತೆಗೆ ತಕ್ಕಂತೆ ಅದರ ದರ ಬೇರೆಯಾಗುತ್ತದೆ. ಕುಟುಂಬವನ್ನು ಹಳೆಯ ಊರಿನಲ್ಲಿಯೇ ಇರಿಸಿ ಒಬ್ಬರೇ ಹೋಗುವವರಿಗೆ ಹಿಂದಿನ ಊರಿನ ಮನೆಗೆ ಸಂಬಂಧಿಸಿದ ಸೌಲಭ್ಯಗಳೂ ನಿಯಮಗಳಲ್ಲಿವೆ. ಸಹೋದ್ಯೋಗಿಗಳ ಬಾಯಿಮಾತನ್ನು ನಂಬದೆ, ತಮಗೆ ಅನ್ವಯಿಸುವ ಆದೇಶವನ್ನು ಕಚೇರಿಯ ಲೆಕ್ಕಪತ್ರ ಶಾಖೆಯಿಂದ ಬರಹದಲ್ಲಿ ಪಡೆದುಕೊಳ್ಳುವುದು ಕ್ಷೇಮ. ಸರ್ಕಾರಿ ವಸತಿಗೃಹಕ್ಕೆ ಅರ್ಹತೆಯಿದ್ದರೆ ಹೊರಡುವ ಮೊದಲೇ ಅರ್ಜಿ ಸಲ್ಲಿಸಬೇಕು.

ಮೂರು ಮನೆಗಳ ಹೋಲಿಕೆ

ಈಗ ಒಂದು ಅಭ್ಯಾಸ ಮಾಡೋಣ. ಗಂಡ, ಹೆಂಡತಿ, ಶಾಲೆಗೆ ಹೋಗುವ ಒಂದು ಮಗು ಇರುವ ಕುಟುಂಬ. ಕಚೇರಿಯೂ ಶಾಲೆಯೂ ಪಟ್ಟಣದ ನಡುವೆ. ತಿಂಗಳಿಗೆ 24 ಕೆಲಸದ ದಿನಗಳು. ಕೆಳಗಿನ ಮೊತ್ತಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವು, ಮಾರುಕಟ್ಟೆಯ ದರಗಳಲ್ಲ. ವಾಚಕರು ತಾವು ವಿಚಾರಿಸಿ ತಿಳಿದ ಮೊತ್ತಗಳನ್ನು ಈ ಸ್ಥಾನಗಳಲ್ಲಿ ತುಂಬಿಕೊಳ್ಳಬೇಕು.

ಮೊದಲನೆಯ ಮನೆ, ಪಟ್ಟಣದ ನಡುವೆ: ಬಾಡಿಗೆ 15,000, ಓಡಾಟ 400, ನೀರು 600. ಒಟ್ಟು 16,000 ರೂಪಾಯಿ. ದಾರಿಯಲ್ಲಿ ಕಳೆಯುವ ಸಮಯ ದಿನಕ್ಕೆ ಅರ್ಧ ಗಂಟೆ, ತಿಂಗಳಿಗೆ 12 ಗಂಟೆ.

ಎರಡನೆಯ ಮನೆ, ಗಾರಾಚರ್ಮಾದ ಕಡೆ: ಬಾಡಿಗೆ 10,500, ಕಚೇರಿಯ ಓಡಾಟ 1,440, ಮಗುವಿನ ಆಟೋ 1,500, ನೀರು 800. ಒಟ್ಟು 14,240 ರೂಪಾಯಿ. ಸಮಯ ದಿನಕ್ಕೆ ಒಂದೂವರೆ ಗಂಟೆ, ತಿಂಗಳಿಗೆ 36 ಗಂಟೆ.

ಮೂರನೆಯ ಮನೆ, ಬ್ಯಾಂಬೂಫ್ಲಾಟ್‌ನಲ್ಲಿ: ಬಾಡಿಗೆ 7,500, ಬಸ್ಸು ಮತ್ತು ದೋಣಿ 1,920, ಮಗುವಿನ ಓಡಾಟ 1,800, ದೋಣಿ ತಪ್ಪಿದ ಮೂರು ದಿನಗಳ ಬಾಡಿಗೆ ವಾಹನ 1,500, ನೀರು 500. ಒಟ್ಟು 13,220 ರೂಪಾಯಿ. ಸಮಯ ದಿನಕ್ಕೆ ಮೂರು ಗಂಟೆ, ತಿಂಗಳಿಗೆ 72 ಗಂಟೆ.

ಬಾಡಿಗೆಯನ್ನಷ್ಟೇ ನೋಡಿದರೆ ಮೊದಲನೆಯ ಮನೆಗೂ ಮೂರನೆಯದಕ್ಕೂ 7,500 ರೂಪಾಯಿಗಳ ವ್ಯತ್ಯಾಸ. ಎಲ್ಲವನ್ನೂ ಕೂಡಿಸಿದರೆ ಉಳಿಯುವುದು 2,780 ರೂಪಾಯಿ ಮಾತ್ರ; ಅದಕ್ಕಾಗಿ ತೆರುವುದು 60 ಗಂಟೆ. ಗಂಟೆಗೆ ಸುಮಾರು 46 ರೂಪಾಯಿಯಂತೆ ತಮ್ಮ ಸಮಯವನ್ನು ಮಾರಿದಂತಾಯಿತು. ಎರಡನೆಯ ಮನೆಯಲ್ಲಿ 1,760 ರೂಪಾಯಿ ಉಳಿತಾಯಕ್ಕೆ 24 ಗಂಟೆ, ಎಂದರೆ ಗಂಟೆಗೆ ಸುಮಾರು 73 ರೂಪಾಯಿ. ಎರಡನೆಯದನ್ನು ಬಿಟ್ಟು ಮೂರನೆಯದಕ್ಕೆ ಹೋದರೆ ಹೆಚ್ಚಿಗೆ ಸಿಗುವುದು 1,020 ರೂಪಾಯಿ, ಕಳೆದುಕೊಳ್ಳುವುದು 36 ಗಂಟೆ. ಗಂಟೆಗೆ ಕೇವಲ 28 ರೂಪಾಯಿ. ಈ ಕುಟುಂಬದ ಮಟ್ಟಿಗೆ ಎರಡನೆಯ ಮನೆ ನ್ಯಾಯವಾದ ನಡುದಾರಿ.

ಆದರೆ ಇದೇ ತೀರ್ಪು ಎಲ್ಲರಿಗೂ ಅನ್ವಯಿಸದು. ಕೆಲಸದ ಸ್ಥಳವೇ ಆಚೆ ದಡದಲ್ಲಿದ್ದರೆ ಬ್ಯಾಂಬೂಫ್ಲಾಟ್‌ನ ಮನೆ ಎಲ್ಲಕ್ಕಿಂತ ಹತ್ತಿರವಾಗುತ್ತದೆ. ಮನೆಯಲ್ಲಿ ವೃದ್ಧರೋ ನಿತ್ಯ ಚಿಕಿತ್ಸೆ ಬೇಕಾದವರೋ ಇದ್ದರೆ ದೂರವನ್ನು ಕಚೇರಿಯಿಂದಲ್ಲ, ಪಟ್ಟಣದ ಗೋವಿಂದ ವಲ್ಲಭ ಪಂತ್ ಆಸ್ಪತ್ರೆಯಿಂದ ಅಳೆಯಬೇಕು. ರಾತ್ರಿಯ ಹೊತ್ತು ಅವಸರ ಬಂದಾಗ ಗಂಟೆಗೆ ಎಷ್ಟು ರೂಪಾಯಿ ಎಂಬ ಲೆಕ್ಕ ನಿಲ್ಲುವುದಿಲ್ಲ.

ಅಗ್ಗದ ಮನೆ ಏಕೆ ಅಗ್ಗ?

ಬಾಡಿಗೆ ಅಸಹಜವಾಗಿ ಕಡಿಮೆಯಿದ್ದಲ್ಲಿ ಕಾರಣವನ್ನು ಕೇಳಲೇಬೇಕು. ಈ ದ್ವೀಪಗಳು ಭೂಕಂಪದ ಅಪಾಯ ಅತಿ ಹೆಚ್ಚಿರುವ ಪ್ರದೇಶದಲ್ಲಿವೆ. 2004ರ ಡಿಸೆಂಬರ್ 26ರ ಭೂಕಂಪ ಮತ್ತು ಸುನಾಮಿಯ ವೇಳೆ ರಾಜಧಾನಿಯ ಸುತ್ತಲಿನ ನೆಲ ಸುಮಾರು ಒಂದು ಮೀಟರ್ ಕುಸಿಯಿತು. ಸಿಪ್ಪಿಘಾಟ್‌ನ ತಗ್ಗಿನ ಗದ್ದೆಗಳಿಗೆ ಸಮುದ್ರದ ನೀರು ನುಗ್ಗಿ ಅಲ್ಲಿಯೇ ನಿಂತಿತು. ಆದ್ದರಿಂದ ಮನೆ ಕಡಲ ಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿದೆ, ಹತ್ತಿರದ ದಿಬ್ಬಕ್ಕೆ ನಡೆದು ಏರಲು ದಾರಿಯಿದೆಯೇ, ಗೋಡೆ ಕಂಬಗಳಲ್ಲಿ ಬಿರುಕುಗಳಿವೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ಸಮುದ್ರ ಕಾಣುವ ಕಿಟಕಿ ಮನಸ್ಸಿಗೆ ಹಿತ. ಕಡಲ ಅಂಚಿನ ತಗ್ಗು ನೆಲ ಬದುಕಿಗೆ ಹಿತವಲ್ಲ.

ಮುಂಗಡ ಕೊಡುವ ಮುನ್ನ

ಇದ್ದ ಊರಿನಿಂದಲೇ ಫೋನಿನಲ್ಲಿ ಮನೆ ಗೊತ್ತುಮಾಡಿ ಮುಂಗಡ ಕಳುಹಿಸುವುದು ವಿವೇಕವಲ್ಲ. ಸಾಧ್ಯವಿದ್ದರೆ ಉದ್ಯೋಗಸ್ಥರು ಮೊದಲು ಒಬ್ಬರೇ ಹೋಗಿ ಎರಡು ಮೂರು ವಾರ ಅತಿಥಿಗೃಹದಲ್ಲಿಯೋ ಪರಿಚಿತರ ಮನೆಯಲ್ಲಿಯೋ ಇದ್ದು, ಕೆಳಗಿನ ಕ್ರಮವನ್ನು ಅನುಸರಿಸುವುದು ಒಳಿತು.

1. ಒಪ್ಪಿಗೆಯಾದ ಮನೆಯಿಂದ ಕಚೇರಿಗೆ ಕೆಲಸದ ದಿನವೇ, ಕಚೇರಿಯ ಹೊತ್ತಿನಲ್ಲಿಯೇ, ಬಸ್ಸು ದೋಣಿಗಳಲ್ಲಿಯೇ ಒಮ್ಮೆ ಹೋಗಿಬರಬೇಕು. ಮಳೆಯ ದಿನವಾದರೆ ಇನ್ನೂ ಒಳ್ಳೆಯದು.

2. ಕತ್ತಲಾದ ಮೇಲೆ ಅದೇ ದಾರಿಯಲ್ಲಿ ಹಿಂತಿರುಗಿ ನೋಡಬೇಕು.

3. ಕಳೆದ ಏಪ್ರಿಲ್‌ನಲ್ಲಿ ನೀರು ಹೇಗಿತ್ತೆಂದು ಮನೆಯ ಮಾಲೀಕರನ್ನಲ್ಲ, ಅಕ್ಕಪಕ್ಕದವರನ್ನು ಕೇಳಬೇಕು. ಬಂಗಾಳಿ, ತಮಿಳು, ತೆಲುಗು, ಮಲಯಾಳ ಮಾತನಾಡುವವರು ಒಟ್ಟಾಗಿ ಬಾಳುವ ಈ ಊರಿನಲ್ಲಿ ಹಿಂದಿಯೇ ಎಲ್ಲರ ಬಳಕೆಯ ಭಾಷೆ.

4. ಮೊದಲ ಕರಾರು ಅಲ್ಪಾವಧಿಯದಾಗಿರಲಿ. ಮುಂಗಡ ಮರಳಿಸುವ ಷರತ್ತು, ವಿದ್ಯುತ್ತು ಮತ್ತು ನೀರಿನ ಶುಲ್ಕ, ದುರಸ್ತಿಯ ಹೊಣೆ ಇವು ಬರಹದಲ್ಲಿರಲಿ.

5. ಸಾಮಾನುಗಳನ್ನು ಕಡಿಮೆ ಮಾಡಿಕೊಳ್ಳಬೇಕು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತೇವಕ್ಕೆ ಮರವೂ ಪುಸ್ತಕವೂ ಬೂಸಲು ಹಿಡಿಯುತ್ತವೆ.

ಮನೆಯೆಂದರೆ ನಾಲ್ಕು ಗೋಡೆ ಮತ್ತು ಒಂದು ಸೂರು ಮಾತ್ರವಲ್ಲ. ಆ ಮನೆಗೆ ಬೆಳಕಿರುವಾಗಲೇ ಮರಳಿ ಬಂದು ಮಕ್ಕಳೊಡನೆ ಕುಳಿತು ಉಣ್ಣುವ ಅವಕಾಶವೂ ಅದರ ಭಾಗವೇ. ಮಹಾನಗರಗಳಲ್ಲಿ ದಿನಕ್ಕೆ ಮೂರು ನಾಲ್ಕು ಗಂಟೆ ಉಪನಗರ ರೈಲಿನಲ್ಲಿ ಕಳೆದವರಿಗೆ ಆ ಹೊತ್ತಿನ ಬೆಲೆ ಚೆನ್ನಾಗಿ ಗೊತ್ತು. ದ್ವೀಪದ ಪುಟ್ಟ ಪಟ್ಟಣ ಅದನ್ನು ಮರಳಿ ಕೊಡಬಲ್ಲದು. ಬಾಡಿಗೆಯ ಅಂಕಿಗೆ ಮರುಳಾಗದೆ ದಾರಿಯ ಲೆಕ್ಕವನ್ನೂ ಇಟ್ಟವರಿಗೆ ಮಾತ್ರ ಆ ಲಾಭ ದಕ್ಕುತ್ತದೆ.